ಟಿನ್ ಮೀನು: ಯಾವ ಡಬ್ಬಿ ತರಬೇಕು, ತೆರೆದ ಮೇಲೆ ಎಷ್ಟು ದಿನ ಇಡಬಹುದು?

ಕುಂದಾಪುರ_ಟು_ಹೈಡೆಲ್‌ಬರ್ಗ್

ಎಲ್ಲರಿಗೂ ನಮಸ್ಕಾರ. ಓದಲು ಜರ್ಮನಿಗೆ ಬಂದಿದ್ದೇನೆ. ಊರು ಕುಂದಾಪುರದ ಹತ್ತಿರ, ಮೀನಿಲ್ಲದೆ ಊಟ ಇಳಿಯುವುದಿಲ್ಲ. ಇಲ್ಲಿ ತಾಜಾ ಮೀನು ನನ್ನ ಕೈಗೆಟುಕುವ ರೇಟಲ್ಲ. ಹಾಗಾಗಿ ವಾರದಲ್ಲಿ ನಾಲ್ಕೈದು ದಿನ ಟಿನ್ ಮೀನೇ ಗತಿ.

ನನ್ನ ಡೌಟುಗಳು ಇವು. ಅಂಗಡಿಯಲ್ಲಿ ನೆಗ್ಗಿದ ಡಬ್ಬಿಗಳನ್ನು ಅರ್ಧ ರೇಟಿಗೆ ಒಂದು ಬುಟ್ಟಿಯಲ್ಲಿ ಹಾಕಿಟ್ಟಿರುತ್ತಾರೆ, ತಗೊಳ್ಳಬಹುದಾ? ರೂಮ್‌ಮೇಟ್ ಅರ್ಧ ತಿಂದು ಡಬ್ಬಿ ಸಮೇತ ಫ್ರಿಜ್‌ನಲ್ಲಿ ಇಡುತ್ತಾನೆ, ಮೂರು ದಿನ ಬಿಟ್ಟು ಮತ್ತೆ ತಿನ್ನುತ್ತಾನೆ. ಅದು ಸರಿಯಾ? ಮತ್ತೆ, ದಿನಾ ಟ್ಯೂನಾ ತಿಂದರೆ ಪಾದರಸ ಸೇರುತ್ತದೆ ಅಂತಾರಲ್ಲ, ನಿಜವಾ?

ಡಬ್ಬಿ_ಲ್ಯಾಬ್

ತಮ್ಮಾ, ಒಳ್ಳೆ ಪ್ರಶ್ನೆ. ನಾನು ಮೀನು ಡಬ್ಬಿ ಮಾಡುವ ಕಾರ್ಖಾನೆಯಲ್ಲಿ, ಕ್ವಾಲಿಟಿ ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿದವನು. ಡಬ್ಬಿ ಹೇಗೆ ತಯಾರಾಗುತ್ತದೆ ಅಂತ ಗೊತ್ತಾದರೆ ನಿನ್ನ ಅರ್ಧ ಡೌಟು ತಾನಾಗಿ ಹೋಗುತ್ತದೆ. ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಮೀನು ತುಂಬಿ, ಎಣ್ಣೆಯೋ ಉಪ್ಪುನೀರೋ ಸಾಸೋ ಹಾಕಿ, ಮುಚ್ಚಳ ಸೀಲ್ ಮಾಡಿದ ಮೇಲೆ ಡಬ್ಬಿಯನ್ನು ರಿಟಾರ್ಟ್‌ಗೆ ಹಾಕುತ್ತಾರೆ. ಮನೆಯ ಕುಕ್ಕರ್ ಥರವೇ ಹಬೆಯ ಒತ್ತಡದಲ್ಲಿ ಬೇಯಿಸುವ ದೊಡ್ಡ ಯಂತ್ರ ಅದು. ಇಷ್ಟೆಲ್ಲ ಮಾಡುವುದು ಮುಖ್ಯವಾಗಿ ಒಂದು ಬ್ಯಾಕ್ಟೀರಿಯಾಗೆ ಹೆದರಿ: ಕ್ಲಾಸ್ಟ್ರಿಡಿಯಂ ಬಾಟುಲಿನಮ್. ಗಾಳಿ ಇಲ್ಲದ, ಹುಳಿ ಕಡಿಮೆ ಇರುವ ಜಾಗ ಅದಕ್ಕೆ ಬೇಕು. ಮುಚ್ಚಿದ ಮೀನಿನ ಡಬ್ಬಿ ಅಂದರೆ ಅದಕ್ಕೆ ಹೇಳಿ ಮಾಡಿಸಿದ ಹಾಗೆ. ಅದರ ಬೀಜಕಗಳು, ಅಂದರೆ ಗಟ್ಟಿ ಕವಚ ಕಟ್ಟಿಕೊಂಡು ಮಲಗಿರುವ ಅದರ ರೂಪ, ಕುದಿಯುವ ನೀರಿನಲ್ಲೂ ಸಾಯುವುದಿಲ್ಲ. ಅದಕ್ಕೇ ಡಬ್ಬಿಯ ನಟ್ಟನಡುವಿನ ಮೀನಿಗೂ 121 ಡಿಗ್ರಿಯಲ್ಲಿ 3 ನಿಮಿಷ ಬೇಯಿಸಿದಷ್ಟು ಶಾಖ ತಲುಪಲೇಬೇಕು ಅನ್ನುವುದು ಕನಿಷ್ಠ ಲೆಕ್ಕ. ಅಷ್ಟು ಶಾಖಕ್ಕೆ ಒಂದು ಲಕ್ಷ ಕೋಟಿ ಬೀಜಕಗಳಿದ್ದರೂ ಹೆಚ್ಚೆಂದರೆ ಒಂದು ಉಳಿದೀತು. ಕಾರ್ಖಾನೆಗಳು ಇದಕ್ಕಿಂತ ಜಾಸ್ತಿಯೇ ಬೇಯಿಸುತ್ತವೆ.

ಅಂದರೆ ಸರಿಯಾಗಿ ಬೆಂದ, ಸೀಲ್ ಗಟ್ಟಿ ಇರುವ ಡಬ್ಬಿ ತುಂಬಾ ಸುರಕ್ಷಿತ ಆಹಾರ. ತೊಂದರೆ ಬರುವುದು ಹೆಚ್ಚಾಗಿ ಸೀಲ್ ಕೆಟ್ಟಾಗ. ಹಾಗಾಗಿ ಅಂಗಡಿಯಲ್ಲಿ ನೀನು ನೋಡಬೇಕಾದ್ದು ಬ್ರ್ಯಾಂಡಿಗಿಂತ ಮೊದಲು ಅಂಚು. ಮುಚ್ಚಳವೂ ಡಬ್ಬಿಯ ಗೋಡೆಯೂ ಒಂದಕ್ಕೊಂದು ಮಡಚಿಕೊಂಡು ಕೂತಿರುವ ಜಾಗ ಅದು. ಅಲ್ಲಿ ತಗಡಿನ ಐದು ಪದರ ಇರುತ್ತದೆ: ಮೂರು ಮುಚ್ಚಳದ್ದು, ಎರಡು ಗೋಡೆಯದ್ದು. ನಡುವೆ ರಬ್ಬರಿನಂಥ ತೆಳು ಲೇಪ. ಹೆಬ್ಬೆರಳಿನ ಉಗುರನ್ನು ಆ ಅಂಚಿನ ಮೇಲೆ ಒಂದು ಸುತ್ತು ಎಳೆದುಕೊಂಡು ಬಾ. ಎಲ್ಲೂ ತಡೆಯದೆ ಒಂದೇ ಸಮ ಬರಬೇಕು. ಎಲ್ಲಾದರೂ ಉಗುರು ಸಿಕ್ಕಿಕೊಂಡರೆ, ತಗ್ಗು ಸಿಕ್ಕರೆ, ಆ ಡಬ್ಬಿ ವಾಪಸ್ ಇಡು. ಹೊಟ್ಟೆಯ ಭಾಗದಲ್ಲಿ ಸಣ್ಣದಾಗಿ, ಮೊನೆ ಇಲ್ಲದೆ ನೆಗ್ಗಿದ್ದರೆ ಪರವಾಗಿಲ್ಲ. ತಗ್ಗಿನಲ್ಲಿ ಬೆರಳು ಕೂರುವಷ್ಟು ಆಳ ಇದ್ದರೆ, ಅಥವಾ ಮಡಿಕೆ ಬಿದ್ದು ಚೂಪಾಗಿದ್ದರೆ ಬೇಡ. ಜರ್ಮನಿಯಲ್ಲಿ ಸಿಗುವ ಚಪ್ಪಟೆ ಸಾರ್ಡಿನ್ ಡಬ್ಬಿಯಲ್ಲಂತೂ ಹೊಟ್ಟೆ ಅನ್ನುವ ಭಾಗವೇ ಕಡಿಮೆ, ಹೆಚ್ಚಿನ ನೆಗ್ಗು ಅಂಚಿಗೇ ಬೀಳುತ್ತದೆ. ಅದಕ್ಕೇ ಆ ಅರ್ಧ ರೇಟಿನ ಬುಟ್ಟಿಯಿಂದ ಮೀನಿನ ಡಬ್ಬಿ ತಗೊಳ್ಳಬೇಡ. ಉಳಿಯುವುದು ಒಂದು ಯೂರೋಕ್ಕಿಂತ ಕಡಿಮೆ, ಅಲ್ವಾ?

ತುಕ್ಕು ಬಟ್ಟೆಯಲ್ಲಿ ಒರೆಸಿದರೆ ಹೋಗುವಂತಿದ್ದರೆ ಚಿಂತೆ ಇಲ್ಲ. ತಗಡನ್ನು ತಿಂದಿದ್ದರೆ ಎಸೆ. ಮುಚ್ಚಳ ಉಬ್ಬಿದ್ದರೆ, ಒತ್ತಿದಾಗ ಟಕ್ ಅಂತ ಒಳಹೋಗಿ ಮತ್ತೆ ಮೇಲೆ ಬಂದರೆ, ತೆರೆಯುವಾಗ ರಸ ಚಿಮ್ಮಿದರೆ ರುಚಿ ಕೂಡ ನೋಡಬೇಡ. ಆ ಬ್ಯಾಕ್ಟೀರಿಯಾ ಬಿಡುವ ಬಾಟುಲಿನಮ್ ವಿಷಕ್ಕೆ ವಾಸನೆ ಇರಲೇಬೇಕು ಅಂತೇನಿಲ್ಲ. ಮೂಸಿ ನೋಡಿ ಸರಿ ಇದೆ ಅನ್ನುವುದು ಇಲ್ಲಿ ನಡೆಯುವುದಿಲ್ಲ.

ಮಲ್ಪೆ_ಬಂಗುಡೆ

ನೀವು ಹೇಳಿದ್ದು ಸರಿ ಇರಬಹುದು ಸರ್. ಆದರೆ ಮೂರ್ನಾಲ್ಕು ವರ್ಷ ಕೆಡದೆ ಇರಬೇಕಾದರೆ ಅದಕ್ಕೆ ಎಂತದಾದರೂ ಕೆಮಿಕಲ್ ಹಾಕದೆ ಆಗ್ತದಾ? ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಬೋಟು ಇಳಿಯುವುದಿಲ್ಲ. ಆಗ ನಾವು ಒಣಮೀನು ತಿನ್ನುತ್ತೇವೆ. ಅದರಲ್ಲಿ ಉಪ್ಪು ಬಿಟ್ಟರೆ ಬೇರೆ ಏನೂ ಇಲ್ಲ.

ಡಬ್ಬಿ_ಲ್ಯಾಬ್

ಡಬ್ಬಿ ಮೀನಿಗೆ ಕೆಡದಂತೆ ಇಡುವ ಕೆಮಿಕಲ್ ಬೇಕಾಗಿಯೇ ಇಲ್ಲ ಮಾರಾಯ್ರೆ. ಒಳಗಿನದ್ದು ಸತ್ತಿದೆ, ಹೊರಗಿನದ್ದು ಒಳಗೆ ಬರುವುದಿಲ್ಲ, ಅಷ್ಟೇ ಗುಟ್ಟು. ಬೂತಾಯಿ (ಸಾರ್ಡಿನ್) ಡಬ್ಬಿಯ ಹಿಂದೆ ಓದಿ: ಮೀನು, ಎಣ್ಣೆ, ಉಪ್ಪು. ಫ್ರಾನ್ಸಿನ ನಿಕೊಲಾ ಅಪ್ಪೇರ್ ಗಾಜಿನ ಬಾಟಲಿಯಲ್ಲಿ ಆಹಾರ ಮುಚ್ಚಿ ಬೇಯಿಸುವ ಈ ಉಪಾಯಕ್ಕೆ 1810ರಲ್ಲಿ ಸರ್ಕಾರದಿಂದ 12,000 ಫ್ರಾಂಕ್ ಪಡೆದರು. ಆಗ ಬ್ಯಾಕ್ಟೀರಿಯಾದಿಂದ ಆಹಾರ ಕೆಡುತ್ತದೆ ಅಂತಲೇ ಯಾರಿಗೂ ಗೊತ್ತಿರಲಿಲ್ಲ. ಅದೇ ವರ್ಷ ಇಂಗ್ಲೆಂಡಿನಲ್ಲಿ ಪೀಟರ್ ಡ್ಯೂರಾಂಡ್ ತಗಡಿನ ಡಬ್ಬಿಗೆ ಪೇಟೆಂಟ್ ತೆಗೆದುಕೊಂಡರು.

ನಿಮ್ಮ ಕಾಳಜಿಗೆ ಕಾರಣ ಇಲ್ಲ ಅಂತ ಹೇಳುವುದಿಲ್ಲ. ತಗಡಿಗೆ ಒಳಗಡೆ ಬಳಿಯುವ ಲೇಪದಲ್ಲಿ ಬಿಸ್ಫಿನಾಲ್ ಎ ಅನ್ನುವ ವಸ್ತು ಇರುತ್ತಿತ್ತು. ಯುರೋಪಿಯನ್ ಒಕ್ಕೂಟ ಅದನ್ನು 2025ರ ಜನವರಿಯಿಂದ ಜಾರಿಗೆ ಬಂದ ನಿಯಮದಲ್ಲಿ ನಿಷೇಧಿಸಿದೆ. ಹಳೆಯ ಲೇಪ ಬದಲಿಸಲು ಕಾರ್ಖಾನೆಗಳಿಗೆ ಕಾಲಾವಕಾಶವನ್ನೂ ಕೊಟ್ಟಿದೆ. ಗಾಜಿನ ಬಾಟಲಿಯಲ್ಲಿ ಬರುವ ಟ್ಯೂನಾ ಬೇಕಾದರೆ ಅದೂ ಸಿಗುತ್ತದೆ, ರೇಟು ಮಾತ್ರ ಜಾಸ್ತಿ.

ವಾರ್ಡ್_ಸಿಸ್ಟರ್

ನಾನು ಉಡುಪಿಯವಳು, ಈಗ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ನರ್ಸ್. ಸೀಲ್ ವಿಷಯ ಬಂದಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. 1978ರಲ್ಲಿ ಇದೇ ಊರಿನಲ್ಲಿ ಅಲಾಸ್ಕಾದಿಂದ ಬಂದ ಒಂದು ಸಾಲ್ಮನ್ ಡಬ್ಬಿಯನ್ನು ನಾಲ್ಕು ಜನ ವಯಸ್ಸಾದವರು ಹಂಚಿಕೊಂಡು ತಿಂದರು. ನಾಲ್ವರಿಗೂ ಬಾಟುಲಿಸಂ, ಅಂದರೆ ಆ ಬಾಟುಲಿನಮ್ ವಿಷದ ಕಾಯಿಲೆ ಆಯಿತು, ಇಬ್ಬರು ತೀರಿಕೊಂಡರು. ಡಬ್ಬಿಯಲ್ಲಿ ಒಂದು ಸಣ್ಣ ತೂತು ಇತ್ತು. 1982ರಲ್ಲಿ ಬೆಲ್ಜಿಯಂನಲ್ಲೂ ಅಲಾಸ್ಕಾದ ಸಾಲ್ಮನ್ ಡಬ್ಬಿಯಿಂದಲೇ ಒಬ್ಬರು ಹೋದರು. ಅದರಲ್ಲೂ ತಗಡು ಹರಿದಿತ್ತು.

ಇಂಥದ್ದು ತೀರಾ ಅಪರೂಪ, ಹೆದರಿಸಲು ಹೇಳುತ್ತಿಲ್ಲ. ಆದರೆ ಲಕ್ಷಣ ಎಲ್ಲರಿಗೂ ಗೊತ್ತಿರಲಿ. ಸಾಮಾನ್ಯವಾಗಿ ತಿಂದ 12ರಿಂದ 36 ಗಂಟೆಯೊಳಗೆ ಶುರುವಾಗುತ್ತದೆ, ಕೆಲವರಿಗೆ ಬೇಗ, ಕೆಲವರಿಗೆ ಕೆಲವು ದಿನ ಬಿಟ್ಟು. ಕಣ್ಣು ಮಂಜಾಗುತ್ತದೆ, ಒಂದು ವಸ್ತು ಎರಡಾಗಿ ಕಾಣುತ್ತದೆ, ರೆಪ್ಪೆ ಇಳಿಬೀಳುತ್ತದೆ, ಮಾತು ತೊದಲುತ್ತದೆ, ನುಂಗಲು ಆಗುವುದಿಲ್ಲ. ಜ್ವರ ಸಾಮಾನ್ಯವಾಗಿ ಇರುವುದಿಲ್ಲ. ಬಲಹೀನತೆ ಮುಖದಿಂದ ಕೆಳಕ್ಕೆ ಇಳಿಯುತ್ತದೆ, ಕೊನೆಗೆ ಉಸಿರಾಟಕ್ಕೇ ಬರುತ್ತದೆ. ಇದಕ್ಕೆ ಪ್ರತಿವಿಷ ಉಂಟು, ಎಷ್ಟು ಬೇಗ ಕೊಟ್ಟರೆ ಅಷ್ಟು ಒಳ್ಳೆಯದು. ನಾಳೆ ನೋಡೋಣ ಅನ್ನದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಏನು ತಿಂದಿರಿ ಅಂತ ಹೇಳಬೇಕು, ಡಬ್ಬಿ ಇನ್ನೂ ಇದ್ದರೆ ಕವರಿನಲ್ಲಿ ಕಟ್ಟಿ ತರಬೇಕು.

ಡಬ್ಬಿ_ಲ್ಯಾಬ್

ಸಿಸ್ಟರ್, ಬರ್ಮಿಂಗ್‌ಹ್ಯಾಮ್ ಪ್ರಕರಣ ನಮ್ಮ ಕೆಲಸದವರಿಗೆ ದೊಡ್ಡ ಪಾಠ. ಬೇಯಿಸುವುದರಲ್ಲಿ ತಪ್ಪಾಗಿರಲಿಲ್ಲ. ರಿಟಾರ್ಟ್‌ನಿಂದ ಹೊರಬಂದ ಬಿಸಿ ಡಬ್ಬಿ ತಣಿಯುವಾಗ ಒಳಗೆ ನಿರ್ವಾತ ಆಗುತ್ತದೆ. ಆ ಹೊತ್ತಿನಲ್ಲಿ ಕೂದಲೆಳೆಯಷ್ಟು ದಾರಿ ಇದ್ದರೂ ಹೊರಗಿನ ಹನಿಯನ್ನು ಡಬ್ಬಿ ಒಳಗೆ ಎಳೆದುಕೊಳ್ಳುತ್ತದೆ. ಅದಕ್ಕೇ ತಣಿಸುವ ನೀರಿಗೆ ಕ್ಲೋರಿನ್ ಹಾಕುವುದು, ಒದ್ದೆ ಡಬ್ಬಿಯನ್ನು ಬರಿಗೈಯಲ್ಲಿ ಮುಟ್ಟಬಾರದು ಅನ್ನುವುದು. ಹೊಸ ಕೆಲಸಗಾರರಿಗೆ ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಕುವೈತ್_ಅಣ್ಣ

ನಮ್ಮ ಕ್ಯಾಂಪಿನಲ್ಲಿ ಡಬ್ಬಿ ಟ್ಯೂನಾ ಅಂದರೆ ದಿನನಿತ್ಯದ ಊಟ. ಸ್ಟೋರು ಅಂದರೆ ತಗಡಿನ ಶೆಡ್ಡು, ಬೇಸಿಗೆಯಲ್ಲಿ ಹೊರಗೇ 48 ಡಿಗ್ರಿ. ಎಕ್ಸ್‌ಪೈರಿ ಡೇಟು ಇನ್ನೂ ದೂರ ಇದೆ. ಹಾಗಿದ್ದೂ ಕೆಡಬಹುದಾ ಸರ್?

ಡಬ್ಬಿ_ಲ್ಯಾಬ್

ಕೆಡಬಹುದು. ಬಾಟುಲಿನಮ್‌ಗಿಂತ ಗಟ್ಟಿಯಾದ, ಶಾಖ ಇಷ್ಟಪಡುವ ಬ್ಯಾಕ್ಟೀರಿಯಾಗಳಿವೆ. ಅವುಗಳ ಬೀಜಕ ರಿಟಾರ್ಟ್ ದಾಟಿಯೂ ಉಳಿಯಬಹುದು. ಸಾಮಾನ್ಯ ಕೋಣೆಯಲ್ಲಿ ಅವು ಏಳುವುದಿಲ್ಲ, ಕಾಯಿಲೆಯನ್ನೂ ತರುವುದಿಲ್ಲ. 40 ಡಿಗ್ರಿ ದಾಟಿದ ಕಡೆ ತಿಂಗಳುಗಟ್ಟಲೆ ಇಟ್ಟರೆ ಎದ್ದು ಮೀನನ್ನು ಹುಳಿ ಮಾಡುತ್ತವೆ, ಕೆಲವು ಡಬ್ಬಿಯನ್ನು ಉಬ್ಬಿಸುತ್ತವೆ. ಡಬ್ಬಿ ಉಬ್ಬಿದ್ದು ಬಿಸಿಲಿಗೋ ಬಾಟುಲಿನಮ್‌ಗೋ ಅಂತ ಹೊರಗಿನಿಂದ ಹೇಳಲು ಆಗುವುದಿಲ್ಲ, ಆದ್ದರಿಂದ ಎಸೆಯುವುದೇ ದಾರಿ. ಟೊಮೆಟೊ ಸಾಸಿನ ಡಬ್ಬಿಯಲ್ಲಿ ಹುಳಿ ತಗಡನ್ನು ಬೇಗ ತಿನ್ನುತ್ತದೆ, ಶಾಖ ಅದನ್ನು ಇನ್ನೂ ಜೋರು ಮಾಡುತ್ತದೆ. ಅಣ್ಣಾ, ಒಂದು ವಾರಕ್ಕೆ ಬೇಕಾದಷ್ಟನ್ನು ಎಸಿ ಇರುವ ರೂಮಿನಲ್ಲಿ, ಮಂಚದ ಕೆಳಗಾದರೂ ಇಟ್ಟುಕೊಳ್ಳಿ. ಸ್ಟೋರಿನವರಿಗೂ ಹೇಳಿ, ಹಳೆಯದನ್ನು ಮುಂದೆ ಇಟ್ಟು ಹೊಸದನ್ನು ಹಿಂದೆ ಇಡಲಿ. ಕಾರಿನ ಡಿಕ್ಕಿಯಲ್ಲಿ, ಒಲೆಯ ಪಕ್ಕದ ಶೆಲ್ಫಿನಲ್ಲಿ, ಸಿಂಕಿನ ಕೆಳಗೆ ಒದ್ದೆಯಲ್ಲಿ ಇಡುವುದು ಬೇಡ.

ಇನ್ನು ಹೈಡೆಲ್‌ಬರ್ಗ್ ತಮ್ಮನ ರೂಮ್‌ಮೇಟ್ ವಿಷಯ. ಡಬ್ಬಿ ತೆರೆದ ಕ್ಷಣದಿಂದ ಅದು ಡಬ್ಬಿ ಮೀನಲ್ಲ, ಬೇಯಿಸಿಟ್ಟ ಮೀನು. ಉಳಿದದ್ದನ್ನು ಆಗಲೇ ಗಾಜಿನ ಇಲ್ಲವೇ ಪ್ಲಾಸ್ಟಿಕ್ ಡಬ್ಬಕ್ಕೆ ಸುರಿದು, ಮುಚ್ಚಿ ಫ್ರಿಜ್‌ಗೆ ಹಾಕಬೇಕು. ಗಾಳಿ ತಾಗಿದ ತಗಡಿನಿಂದ ಮೀನಿಗೆ ಲೋಹದ ರುಚಿ ಹತ್ತುತ್ತದೆ, ತೆರೆದ ಬಾಯಿಯ ಡಬ್ಬಿಯಲ್ಲಿ ಫ್ರಿಜ್ಜಿನ ಬೇರೆ ವಾಸನೆಯೂ ಸೇರುತ್ತದೆ. ಅಮೆರಿಕದ ಕೃಷಿ ಇಲಾಖೆ ತೆರೆದ ಮೇಲೆ 3ರಿಂದ 4 ದಿನ ಅನ್ನುತ್ತದೆ. ನಾನು ಎರಡು ದಿನದ ಮೇಲೆ ಇಡುವುದಿಲ್ಲ. ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇದ್ದದ್ದು ಮತ್ತೆ ಫ್ರಿಜ್‌ಗೆ ಹೋಗಬಾರದು.

ಬೆಂಗಳೂರು_ಬೂತಾಯಿ

ಹೊರಗೆ ಇಟ್ಟರೂ ಆಮೇಲೆ ಚೆನ್ನಾಗಿ ಕುದಿಸಿದರೆ ಆಯ್ತಲ್ವಾ? ಒಗ್ಗರಣೆಗೆ ಹಾಕಿ ಹುರಿಯುವುದೇ ಅಲ್ವಾ ಹೇಗೂ?

ವಾರ್ಡ್_ಸಿಸ್ಟರ್

ಇಲ್ಲ. ಇದನ್ನು ದಯವಿಟ್ಟು ಎಲ್ಲರೂ ಓದಿ, ಬಾಟುಲಿಸಂಗಿಂತ ಎಷ್ಟೋ ಹೆಚ್ಚು ಸಲ ಆಗುವುದು ಇದು. ಟ್ಯೂನಾ, ಬಂಗುಡೆ, ಬೂತಾಯಿಯಂಥ ಮೀನಿನ ಮಾಂಸದಲ್ಲಿ ಹಿಸ್ಟಿಡಿನ್ ಅನ್ನುವ ವಸ್ತು ಜಾಸ್ತಿ. ಮೀನು ಬೆಚ್ಚಗೆ ಉಳಿದರೆ ಬ್ಯಾಕ್ಟೀರಿಯಾ ಅದನ್ನು ಹಿಸ್ಟಮಿನ್ ಮಾಡುತ್ತದೆ. ಒಮ್ಮೆ ಹಿಸ್ಟಮಿನ್ ಆದರೆ ಕುದಿಸಿದರೂ ಹೋಗುವುದಿಲ್ಲ, ಹುರಿದರೂ ಹೋಗುವುದಿಲ್ಲ, ಫ್ರೀಜ್ ಮಾಡಿದರೂ ಹೋಗುವುದಿಲ್ಲ. ರಿಟಾರ್ಟ್‌ನ ಶಾಖಕ್ಕೂ ಹೋಗುವುದಿಲ್ಲ.

ತಿಂದ ಕೆಲವು ನಿಮಿಷದಿಂದ ಒಂದೆರಡು ಗಂಟೆಯೊಳಗೆ ಮುಖ ಕೆಂಪಾಗುತ್ತದೆ, ಮೈಯೆಲ್ಲ ದದ್ದು ಏಳುತ್ತದೆ, ತಲೆ ಸಿಡಿಯುತ್ತದೆ, ಎದೆ ಡವಡವ ಹೊಡೆದುಕೊಳ್ಳುತ್ತದೆ. ಕೆಲವರಿಗೆ ವಾಂತಿ ಭೇದಿ. ತುಂಬಾ ಜನ ಇದನ್ನು ಮೀನಿನ ಅಲರ್ಜಿ ಅಂದುಕೊಂಡು ಜೀವನಪೂರ್ತಿ ಮೀನು ಬಿಡುತ್ತಾರೆ. ಸಾಮಾನ್ಯವಾಗಿ ಒಂದು ದಿನದೊಳಗೆ ಇಳಿಯುತ್ತದೆ, ಅಲರ್ಜಿಗೆ ಕೊಡುವ ಆಂಟಿಹಿಸ್ಟಮಿನ್ ಮಾತ್ರೆಯೇ ಇದಕ್ಕೂ ಕೆಲಸ ಮಾಡುತ್ತದೆ. ಉಸಿರು ಕಟ್ಟಿದರೆ, ತಲೆ ಸುತ್ತಿ ಬಿದ್ದರೆ ಕಾಯಬೇಡಿ, ಆಂಬುಲೆನ್ಸ್ ಕರೆಯಿರಿ. ಬಾಯಿಗೆ ಹಾಕಿದ ಕೂಡಲೇ ಮೆಣಸಿನ ಕಾಳು ಕಚ್ಚಿದಂತೆ ನಾಲಿಗೆ ಚುರುಗುಟ್ಟಿದರೆ ಉಗುಳಿಬಿಡಿ.

ಡಬ್ಬಿ_ಲ್ಯಾಬ್

ಕಾರ್ಖಾನೆಯಲ್ಲಿ ಇದನ್ನು ಡಬ್ಬಿಗೆ ತುಂಬುವ ಮೊದಲೇ ಹಿಡಿಯಬೇಕು. ಬೋಟಿನಲ್ಲಿ ಐಸ್ ಕಡಿಮೆ ಬಿದ್ದಿದ್ದರೆ ನಾವು ಆಮೇಲೆ ಏನು ಮಾಡಿದರೂ ವ್ಯರ್ಥ. ಕೋಡೆಕ್ಸ್ ಅನ್ನುವ ಅಂತರರಾಷ್ಟ್ರೀಯ ಆಹಾರ ಮಾನದಂಡದಲ್ಲಿ ಸುರಕ್ಷತೆಯ ಮಿತಿ ಒಂದು ಕೆಜಿ ಮೀನಿಗೆ 200 ಮಿಲಿಗ್ರಾಂ ಹಿಸ್ಟಮಿನ್. ಒಳ್ಳೆಯ ಕಾರ್ಖಾನೆಗಳು ಅದಕ್ಕಿಂತ ಎಷ್ಟೋ ಕೆಳಗೇ ನಿಲ್ಲಿಸುತ್ತವೆ. ಆದರೆ ತೆರೆದ ಡಬ್ಬಿಗೆ ಎಂಜಲು ಚಮಚ ಹಾಕಿ ಅಡುಗೆಮನೆ ಕಟ್ಟೆಯ ಮೇಲೆ ಬಿಟ್ಟರೆ ಅದೇ ಬ್ಯಾಕ್ಟೀರಿಯಾ ಹೊಸದಾಗಿ ಸೇರಿ ಕೆಲಸ ಶುರು ಮಾಡುತ್ತದೆ. ಟ್ಯೂನಾ ಸಲಾಡ್, ಸ್ಯಾಂಡ್‌ವಿಚ್ ಮಾಡಿ ಹೊರಗೆ ಇಡುವವರು ಇದನ್ನು ನೆನಪಿಡಬೇಕು.

ಏಳನೇ_ತಿಂಗಳು

ನಾನು ಡಬ್ಲಿನ್‌ನಲ್ಲಿದ್ದೇನೆ, ಈಗ ಏಳು ತಿಂಗಳ ಬಸುರಿ. ಅಮ್ಮ ಫೋನಿನಲ್ಲಿ ಡಬ್ಬಿ ಮೀನು ಮುಟ್ಟಲೇಬೇಡ ಅಂತಾರೆ. ನನಗೆ ಟ್ಯೂನಾ ಅಂದರೆ ಪ್ರಾಣ. ಸಿಸ್ಟರ್, ನೀವು ಏನು ಹೇಳುತ್ತೀರಿ?

ವಾರ್ಡ್_ಸಿಸ್ಟರ್

ಪೂರ್ತಿ ಬಿಡಬೇಕಾಗಿಲ್ಲ ತಂಗಿ. ಮೀನಿನ ಒಮೆಗಾ-3 ಮಗುವಿನ ಮಿದುಳಿಗೂ ಕಣ್ಣಿಗೂ ಬೇಕು. ಪಾದರಸ ಸೇರುವುದು ದೊಡ್ಡ ಮೀನು ಚಿಕ್ಕ ಮೀನನ್ನು ತಿಂದು ತಿಂದು. ಹಾಗಾಗಿ ಮೀನು ಚಿಕ್ಕದಾದಷ್ಟು, ಅದರ ಆಯಸ್ಸು ಕಡಿಮೆಯಾದಷ್ಟು ನಿಮಗೆ ಒಳ್ಳೆಯದು. ಅಮೆರಿಕದ ಆಹಾರ ಇಲಾಖೆಯ ಅಳತೆಯಲ್ಲಿ ಒಂದು ಕೆಜಿಗೆ ಸರಾಸರಿ ಪಾದರಸ ಸಾರ್ಡಿನ್‌ನಲ್ಲಿ 0.013 ಮಿಲಿಗ್ರಾಂ, ಲೈಟ್ ಟ್ಯೂನಾ (ಹೆಚ್ಚಾಗಿ ಸ್ಕಿಪ್‌ಜಾಕ್ ಅನ್ನುವ ಚಿಕ್ಕ ಟ್ಯೂನಾ) ಡಬ್ಬಿಯಲ್ಲಿ 0.126, ಅಲ್ಬಕೋರ್ ಅನ್ನುವ ಬಿಳಿ ಟ್ಯೂನಾ ಡಬ್ಬಿಯಲ್ಲಿ 0.350. ಅಂತರ ನೋಡಿ.

ಇಲ್ಲಿ ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಗರ್ಭಿಣಿಯರಿಗೆ ಹೇಳುವುದು: ವಾರಕ್ಕೆ ಟ್ಯೂನಾ ಡಬ್ಬಿ ನಾಲ್ಕಕ್ಕಿಂತ ಹೆಚ್ಚು ಬೇಡ. ಸಾರ್ಡಿನ್, ಬಂಗುಡೆ, ಸಾಲ್ಮನ್‌ನಂಥ ಎಣ್ಣೆ ಮೀನು ವಾರಕ್ಕೆ ಎರಡು ಹೊತ್ತಿಗಿಂತ ಹೆಚ್ಚು ಬೇಡ. ನಿಮ್ಮ ಜಾಗದಲ್ಲಿ ನಾನಾಗಿದ್ದರೆ ಎರಡು ಹೊತ್ತು ಸಾರ್ಡಿನ್, ಒಂದು ಹೊತ್ತು ಟ್ಯೂನಾ ತಿನ್ನುತ್ತಿದ್ದೆ. ಸಾರ್ಡಿನ್‌ನ ಮುಳ್ಳನ್ನು ತೆಗೆದು ಬಿಸಾಡಬೇಡಿ. ರಿಟಾರ್ಟ್‌ನಲ್ಲಿ ಅದು ಬೆರಳಲ್ಲಿ ಹಿಚುಕಿದರೆ ಪುಡಿಯಾಗುವಷ್ಟು ಮೆತ್ತಗಾಗಿರುತ್ತದೆ. ಮುಳ್ಳು ಸಮೇತ 100 ಗ್ರಾಂ ತಿಂದರೆ ಸುಮಾರು 380 ಮಿಲಿಗ್ರಾಂ ಕ್ಯಾಲ್ಸಿಯಂ ಸಿಗುತ್ತದೆ. ಡಬ್ಬಿ ತೆರೆದ ದಿನವೇ ತಿಂದು ಮುಗಿಸಿ, ಬಿಪಿ ಇದ್ದರೆ ಉಪ್ಪುನೀರಿನದ್ದು ಬಿಟ್ಟು ಬೇರೆ ತಗೊಳ್ಳಿ. ನಿಮ್ಮ ಡಾಕ್ಟರನ್ನೂ ಒಮ್ಮೆ ಕೇಳಿ. ಅಮ್ಮನಿಗೂ ಇದನ್ನು ಓದಿ ಹೇಳಿ, ಅವರ ಭಯ ಇಳಿಯಲಿ.

ಕುಂದಾಪುರ_ಟು_ಹೈಡೆಲ್‌ಬರ್ಗ್

ಹಾಗಾದರೆ ನಾನೂ ಸಾರ್ಡಿನ್ ಜಾಸ್ತಿ, ಟ್ಯೂನಾ ಕಡಿಮೆ ಮಾಡುತ್ತೇನೆ. ಡಬ್ಬಿಯಲ್ಲಿ ಯಾವ ಟ್ಯೂನಾ ಅಂತ ತಿಳಿಯುವುದು ಹೇಗೆ? ಇಲ್ಲಿ ಬರೀ ಟ್ಯೂನಾ ಅಂತ ದೊಡ್ಡದಾಗಿ ಬರೆದಿರುತ್ತದೆ.

ಡಬ್ಬಿ_ಲ್ಯಾಬ್

ಹಿಂದೆ ಸಣ್ಣಕ್ಷರದಲ್ಲಿ ಹುಡುಕು. ಕಟ್ಸುವೋನಸ್ ಪೆಲಾಮಿಸ್ ಅಂತಿದ್ದರೆ ಸ್ಕಿಪ್‌ಜಾಕ್, ಟ್ಯೂನಾಗಳಲ್ಲಿ ಚಿಕ್ಕದು, ಬೇಗ ಬೆಳೆಯುವುದು. ಅದನ್ನೇ ತಗೋ. ಥುನ್ನಸ್ ಅಲಲುಂಗಾ ಅಂದರೆ ಅಲ್ಬಕೋರ್. ಪಕ್ಕದಲ್ಲಿ ಎಫ್‌ಎಒ (ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ) ಅಂತ ಬರೆದು ಒಂದು ನಂಬರ್ ಇರುತ್ತದೆ, ಅದು ಮೀನು ಹಿಡಿದ ಕಡಲು. 34 ಅಂದರೆ ಮೊರಾಕ್ಕೊ ಕಡೆಯ ಅಟ್ಲಾಂಟಿಕ್. 51 ಅಂದರೆ ಪಶ್ಚಿಮ ಹಿಂದೂ ಮಹಾಸಾಗರ, ನಮ್ಮ ಮಲ್ಪೆ ಗಂಗೊಳ್ಳಿಯ ಕಡಲೂ ಅದರೊಳಗೇ ಬರುತ್ತದೆ. ಗಾಳ ಹಾಕಿ ಒಂದೊಂದಾಗಿ ಹಿಡಿದದ್ದು ಅಂತ ಬರೆದಿದ್ದರೆ ನನಗೆ ಇನ್ನೂ ಇಷ್ಟ. ಮಾಲ್ಡೀವ್ಸ್‌ನವರೂ ನಮ್ಮ ಲಕ್ಷದ್ವೀಪದವರೂ ಹಾಗೇ ಹಿಡಿಯುವುದು. ಲಕ್ಷದ್ವೀಪದ ಮಿನಿಕಾಯ್‌ನಲ್ಲಿ 1969ರಲ್ಲೇ ಟ್ಯೂನಾ ಡಬ್ಬಿ ಕಾರ್ಖಾನೆ ಶುರುವಾಗಿತ್ತು.

ಎಣ್ಣೆಯದ್ದಾ ನೀರಿನದ್ದಾ ಅನ್ನುವುದು ನಿನ್ನಿಷ್ಟ. ಎಣ್ಣೆ ಬಸಿದು ಚೆಲ್ಲಿದರೆ ಮೀನಿನ ಒಳ್ಳೆ ಕೊಬ್ಬಿನ ಒಂದಷ್ಟು ಪಾಲೂ ಜೊತೆಗೆ ಹೋಗುತ್ತದೆ. ನಾನು ಆ ಎಣ್ಣೆಯಲ್ಲೇ ಈರುಳ್ಳಿ, ಕರಿಬೇವು ಹುರಿಯುತ್ತೇನೆ. ರೇಟು ಹೋಲಿಸುವಾಗ ಒಟ್ಟು ತೂಕ ನೋಡಬೇಡ, ಬಸಿದ ತೂಕ ನೋಡು.

ಇನ್ನೊಂದು ವಿಷಯ. ಪೀಜಾ ಮೇಲೆ ಹಾಕುವ ಉಪ್ಪು ಆಂಚೊವಿ ಡಬ್ಬಿಯಲ್ಲೇ ಬಂದರೂ ರಿಟಾರ್ಟ್‌ಗೆ ಹೋಗಿರುವುದಿಲ್ಲ, ಉಪ್ಪಿನಿಂದ ಮಾತ್ರ ಉಳಿದಿರುತ್ತದೆ. ಫ್ರಿಜ್‌ನಲ್ಲಿಡಿ ಅಂತ ಬರೆದಿದ್ದರೆ ತೆರೆಯುವ ಮೊದಲೂ ಫ್ರಿಜ್ಜಿನಲ್ಲೇ ಇಡಬೇಕು.

ಬೆಂಗಳೂರು_ಬೂತಾಯಿ

ಮೊನ್ನೆ ಸಾಲ್ಮನ್ ಡಬ್ಬಿಯಲ್ಲಿ ಗಾಜಿನ ಚೂರಿನಂಥದ್ದು ಸಿಕ್ಕಿತು. ಮಗು ತಿನ್ನುವ ಮೊದಲು ನೋಡಿದೆ. ಚೂರು ಎತ್ತಿಟ್ಟಿದ್ದೇನೆ. ಇದು ಗಾಜೇನಾ?

ಡಬ್ಬಿ_ಲ್ಯಾಬ್

ಎತ್ತಿಟ್ಟದ್ದು ಒಳ್ಳೆಯದಾಯಿತು ತಾಯಿ. ಅದನ್ನು ಒಂದು ಬಟ್ಟಲಿಗೆ ಹಾಕಿ, ಮುಳುಗುವಷ್ಟು ವಿನೆಗರ್ ಇಲ್ಲವೇ ನಿಂಬೆರಸ ಬಿಟ್ಟು ಸ್ವಲ್ಪ ಬೆಚ್ಚಗೆ ಮಾಡಿ. ಕೆಲವು ನಿಮಿಷದಲ್ಲಿ ಕರಗಿದರೆ ಅದು ಸ್ಟ್ರೂವೈಟ್. ಮೀನಿನಲ್ಲೇ ಇರುವ ಮೆಗ್ನೀಸಿಯಂ, ಅಮೋನಿಯಂ, ಫಾಸ್ಫೇಟ್ ಸೇರಿ ಡಬ್ಬಿ ತಣಿಯುವಾಗ ಹರಳುಗಟ್ಟಿದ್ದು, ತಿಂದರೂ ತೊಂದರೆ ಇಲ್ಲ. ಕರಗದೆ ಹಾಗೇ ಉಳಿದರೆ ನಿಜವಾದ ಗಾಜೇ ಇರಬಹುದು. ಆಗ ಡಬ್ಬಿಯ ಮೇಲಿನ ಬ್ಯಾಚ್ ನಂಬರಿನ ಫೋಟೊ ತೆಗೆದು ಕಂಪನಿಗೂ ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐಗೂ ದೂರು ಕೊಡಿ.

ಬೆಂಗಳೂರು_ಬೂತಾಯಿ

ಕರಗಿತು ಸರ್! ತುಂಬಾ ಥ್ಯಾಂಕ್ಸ್, ಈಗ ನೆಮ್ಮದಿ ಆಯಿತು.

ಮಲ್ಪೆ_ಬಂಗುಡೆ

ಇಷ್ಟೆಲ್ಲ ಓದಿದ ಮೇಲೆ ಒಂದು ಆಸೆ. ಸೀಸನ್‌ನಲ್ಲಿ ಬೂತಾಯಿ ರಾಶಿ ಬೀಳುತ್ತದೆ. ಗಾಜಿನ ಬಾಟಲಿಗೆ ಎಣ್ಣೆ ಹಾಕಿ, ಕುಕ್ಕರಿನಲ್ಲಿ ಬೇಯಿಸಿ ಮನೆಯಲ್ಲೇ ಇಟ್ಟುಕೊಳ್ಳಬಹುದಲ್ವಾ? ಕುಕ್ಕರೂ 120 ಡಿಗ್ರಿ ತಲುಪುತ್ತದೆ ಅಂತಾರೆ.

ಡಬ್ಬಿ_ಲ್ಯಾಬ್

ದಯವಿಟ್ಟು ಬೇಡ ಅಣ್ಣ. ಕುಕ್ಕರಿನ ಹಬೆ 120 ಡಿಗ್ರಿ ಇದ್ದರೂ ಬಾಟಲಿಯ ನಟ್ಟನಡುವಿನ ಮೀನು ಎಷ್ಟು ಬಿಸಿಯಾಯಿತು, ಎಷ್ಟು ಹೊತ್ತು ಹಾಗೇ ಉಳಿಯಿತು ಅಂತ ಮನೆಯಲ್ಲಿ ಅಳೆಯಲು ಆಗುವುದಿಲ್ಲ. ನಾವು ಡಬ್ಬಿಯೊಳಗೆ ಉಷ್ಣಮಾಪಕದ ತಂತಿ ಇಳಿಸಿ, ಒಂದೊಂದು ಗಾತ್ರಕ್ಕೂ ಬೇರೆ ಬೇರೆ ಲೆಕ್ಕ ಹಾಕುತ್ತೇವೆ. 2023ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸಿನ ಬೋರ್ಡೋದಲ್ಲಿ ಒಂದು ರೆಸ್ಟೊರೆಂಟಿನವರು ತಾವೇ ಬಾಟಲಿಯಲ್ಲಿ ಹಾಕಿಟ್ಟ ಸಾರ್ಡಿನ್ ಬಡಿಸಿದರು. ಹತ್ತಾರು ಮಂದಿಗೆ ಬಾಟುಲಿಸಂ ಆಗಿ ಒಬ್ಬ ಹೆಂಗಸು ತೀರಿಕೊಂಡರು. ಅವರಲ್ಲಿ ಹೆಚ್ಚಿನವರು ಬೇರೆ ಬೇರೆ ದೇಶದವರು.

ವಿನೆಗರ್ ಹಾಕಿದ ಮೀನಿನ ಉಪ್ಪಿನಕಾಯಿ ಬೇಕಾದರೆ ಸ್ವಲ್ಪ ಸ್ವಲ್ಪ ಮಾಡಿ, ಫ್ರಿಜ್ಜಿನಲ್ಲಿಟ್ಟು ಬೇಗ ಮುಗಿಸಿ. ಉಳಿದ ಬೂತಾಯಿಯನ್ನು ಹೊಟ್ಟೆ ಸ್ವಚ್ಛ ಮಾಡಿ ಫ್ರೀಜರಿಗೆ ಹಾಕಿ. ನಿಮ್ಮ ಒಣಮೀನಂತೂ ಇದ್ದೇ ಉಂಟಲ್ಲ.

ಕುಂದಾಪುರ_ಟು_ಹೈಡೆಲ್‌ಬರ್ಗ್

ಒಣಮೀನು ಅಂದಾಗ ನೆನಪಾಯಿತು. ಮುಂದಿನ ತಿಂಗಳು ಅಪ್ಪ ಅಮ್ಮ ಇಲ್ಲಿಗೆ ಬರುತ್ತಾರೆ. ಅಮ್ಮ ಒಣ ಸೀಗಡಿ, ಒಣಮೀನು ಕಟ್ಟಿಡುತ್ತಿದ್ದಾರೆ. ಏರ್‌ಪೋರ್ಟಿನಲ್ಲಿ ಬಿಡುತ್ತಾರಾ?

ವಾರ್ಡ್_ಸಿಸ್ಟರ್

ಯುರೋಪಿಯನ್ ಒಕ್ಕೂಟದ ನಿಯಮದಲ್ಲಿ ಹೊರದೇಶದ ಮಾಂಸ, ಹಾಲು, ತುಪ್ಪ, ಪೇಡ ತರುವ ಹಾಗಿಲ್ಲ. ಮೀನಿಗೆ ಅವಕಾಶ ಇದೆ, ಸ್ವಂತಕ್ಕೆ ಅಂತ ತಲೆಗೆ 20 ಕೆಜಿವರೆಗೆ. ಡಬ್ಬಿ ಮೀನಾದರೆ ದೊಡ್ಡ ಬ್ಯಾಗಿಗೆ ಹಾಕಲಿ. ಒಳಗೆ ಎಣ್ಣೆ, ನೀರು ಇರುವುದರಿಂದ ಕೈಚೀಲದಲ್ಲಿ ತಡೆಯಬಹುದು. ಒಣಮೀನನ್ನು ಎರಡು ಪ್ಲಾಸ್ಟಿಕ್ ಕವರಿನಲ್ಲಿ ಗಾಳಿಯಾಡದಂತೆ ಕಟ್ಟಿ, ಬಟ್ಟೆಯಿಂದ ದೂರ ಇಡಲು ಹೇಳಿ. ಹೊರಡುವ ಮೊದಲು ಏರ್‌ಲೈನ್ ನಿಯಮವನ್ನೂ ಒಮ್ಮೆ ನೋಡಿಕೊಳ್ಳಿ.